ಪೆಟ್ಟಿಗೆಗೆ ಸೇರಬೇಕಿದ್ದ ಕನ್ನಡಕ

ಹದಿನಾಲ್ಕು ವರ್ಷದ ಹಿಂದೆ ನಮ್ಮ ಮಾವ ಬಡಗಿಯ ಮನೆ ಬಾಗಿಲಲ್ಲಿ ನಿಂತು ಒಂದು ಮಾತು ಕೊಟ್ಟರು. ಬಡಗಿ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು, ಮೂರು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನೂ ಪಕ್ಕದಲ್ಲಿದ್ದೆ. ಬಡಗಿಯ ಹೆಂಡತಿ ಗಂಡನ ಕನ್ನಡಕವನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು.

“ಸತ್ತವರ ಕನ್ನಡಕ ಕೇಳ್ಕೊಂಡು ಮನೆಮನೆ ತಿರುಗ್ತೀರಲ್ಲ ಯಜಮಾನ್ರೇ, ನಾಳೆ ನಿಮ್ಮದನ್ನ ನಿಮ್ಮನೆಯವರು ಕೊಡ್ತಾರಾ?”

“ಕೊಡ್ತಾರಮ್ಮ. ನಾನು ಹೋದ್ಮೇಲೆ ನಂದೂ ಇದೇ ಪೆಟ್ಟಿಗೆಗೆ ಬರುತ್ತೆ. ಇಕೋ, ನನ್ನ ಸೊಸೆ ಸಾಕ್ಷಿ.”

ನಾನು ತಲೆಯಾಡಿಸಿದೆ. ಮಗು ಜಾರುತ್ತಿತ್ತು. ಒಮ್ಮೆ ಮನೆ ಸೇರಿದರೆ ಸಾಕಾಗಿತ್ತು. ಬಡಗಿಯ ಹೆಂಡತಿ ನನ್ನ ಮುಖ ನೋಡಿದಳು, ಆಮೇಲೆ ಕೈ ಬಿಚ್ಚಿದಳು.

ಮಾವ ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರು. ಊರಿನ ಸೇವಾ ಕ್ಲಬ್ಬಿಗೆ ಸೇರಿದ್ದು ಇನ್ನೂ ಕೆಲಸದಲ್ಲಿದ್ದಾಗಲೇ. ಅಲ್ಲಿ ಇಪ್ಪತ್ತೊಂಬತ್ತು ವರ್ಷ ಮಾಡಿದ್ದು ಒಂದೇ ಕೆಲಸ: ತೀರಿಹೋದವರ ಕನ್ನಡಕ ಸೇರಿಸುವುದು. ಪೆಟ್ಟಿಗೆ ತುಂಬಿದಾಗ ಅದು ದೂರದ ಹಳ್ಳಿಗಳ ಕಣ್ಣಿನ ಶಿಬಿರಕ್ಕೆ ಹೋಗುತ್ತಿತ್ತು. ಅಲ್ಲಿ ಯಾರ ಕಣ್ಣಿಗೆ ಯಾವುದು ಹೊಂದುತ್ತದೋ ಅದು ಅವರ ಪಾಲು. ಕ್ಲಬ್ಬಿನವರು ಅಧ್ಯಕ್ಷರಾಗಿ ಅಂತ ಮೂರು ಸಲ ಕೇಳಿದ್ದರು. “ನಾನು ಕುರ್ಚಿ ಮೇಲೆ ಕೂತ್ರೆ ಕನ್ನಡಕ ಒರೆಸೋರ್ಯಾರು?” ಅಂತ ಮಾವ ಮೂರು ಸಲವೂ ತಪ್ಪಿಸಿಕೊಂಡರು.

ಅವರದೇ ಕಟ್ಟುನಿಟ್ಟುಗಳಿದ್ದವು. ಸಾವಾಗಿ ಒಂದು ತಿಂಗಳು ಕಳೆಯದೆ ಆ ಮನೆಗೆ ಹೋಗುವಂತಿಲ್ಲ. ಮೊದಲ ಸಲ ಹೋದಾಗ ಬರೀ ಕ್ಷೇಮ ವಿಚಾರಿಸಿ ಬರಬೇಕು, ಕೇಳುವಂತಿಲ್ಲ. ಕೂರಿ ಅನ್ನುವ ತನಕ ಕೂರುವಂತಿಲ್ಲ. ಮೇಜಿನ ಮೇಲೆ ಕಣ್ಣೆದುರೇ ಇದ್ದರೂ ಮನೆಯವರು ಕೈಯಾರೆ ಕೊಡುವ ತನಕ ಮುಟ್ಟುವಂತಿಲ್ಲ. ತಂದ ಮೇಲೆ ಉಗುರುಬೆಚ್ಚನೆ ನೀರಲ್ಲಿ ಸೋಪು ಹಾಕಿ ತೊಳೆದು, ಸ್ಕ್ರೂ ಬಿಗಿ ಮಾಡಿ, ಕನ್ನಡಕದ ಅಂಗಡಿಯವನು ಕೊಟ್ಟಿದ್ದ ಹಳೆ ಮಿಷನ್ನಿನಲ್ಲಿ ಪವರ್ ನೋಡಿ, ಯಾರದು, ಎಷ್ಟು ಪವರ್ ಅಂತ ಚೀಟಿ ಬರೆದು, ಬಟ್ಟೆ ಚೂರಿನಲ್ಲಿ ಸುತ್ತಿಡುತ್ತಿದ್ದರು. ನಮ್ಮ ಮುಂದಿನ ಕೋಣೆಯ ಗೋಡೆಯುದ್ದಕ್ಕೂ ಅಂಚೆ ಕಚೇರಿ ಬಿಸಾಡಿದ್ದ ಗೂಡುಗಳ ಕಪಾಟಿತ್ತು. ಮೈನಸ್ ಎಡಕ್ಕೆ, ಪ್ಲಸ್ ಬಲಕ್ಕೆ. ಇನ್ನೂರು ಕನ್ನಡಕದಲ್ಲಿ ಯಾವುದು ಕೇಳಿದರೂ ಕಣ್ಣು ಮುಚ್ಚಿ ತೆಗೆದು ಕೊಡುತ್ತಿದ್ದ ಮನುಷ್ಯ, ದಿನಾ ಬೆಳಗ್ಗೆ ತನ್ನ ಸ್ವಂತ ಕನ್ನಡಕಕ್ಕೆ ಮಾತ್ರ ಮನೆಯೆಲ್ಲ ತಡಕಾಡುತ್ತಿದ್ದರು.

“ಲೇ, ನನ್ನ ಕನ್ನಡಕ ನೋಡಿದ್ಯಾ?”

“ನಿಮ್ಮ ತಲೆ ಮೇಲಿದೆ, ಇಳಿಸ್ಕೊಳ್ಳಿ,” ಅಂತ ಅತ್ತೆ ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಹೇಳುತ್ತಿದ್ದರು.

ಈ ವರ್ಷ ಒಂದು ಮಂಗಳವಾರ ಮಾವ ಹೋದರು. ಮೂರು ದಿನ ಆಸ್ಪತ್ರೆಯಲ್ಲಿದ್ದರು, ಅಷ್ಟೇ. ನಾನು ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆ. ಅವರು ಮಲಗಿದ್ದ ಹಾಸಿಗೆಯ ಬಟ್ಟೆ ಮಾರನೇ ದಿನ ಯಾವುದೋ ಗಂಟಿನಲ್ಲಿ ನನ್ನ ಕೈಗೇ ಬಂದಿರಬೇಕು. ಯಾವುದೆಂದು ಗೊತ್ತಾಗಲಿಲ್ಲ.

ಮೂರು ವಾರದ ನಂತರ ಕ್ಲಬ್ಬಿನಲ್ಲಿ ಸಂತಾಪ ಸಭೆ ಇಟ್ಟರು. ಕ್ಲಬ್ಬಿರುವುದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಈಗಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. ಎದ್ದು ನಿಂತು ಹೇಳಿದರು: “ಈ ಮನುಷ್ಯ ಯಾವತ್ತೂ ಭಾಷಣ ಮಾಡಲಿಲ್ಲ. ಕನ್ನಡಕ ಕೊಡೋಕೆ ಯಾರ ಮನಸ್ಸು ಹಿಂದೆಮುಂದೆ ನೋಡ್ತೋ ಅವರಿಗೆಲ್ಲ ಒಂದೇ ಮಾತು ಹೇಳಿದ್ರು. ನಾನು ಹೋದ್ಮೇಲೆ ನಂದೂ ಇದೇ ಪೆಟ್ಟಿಗೆಗೆ. ಆ ಮಾತು ನಂಬಿ ಎಷ್ಟು ಮನೆಯವರು ಕೊಟ್ಟಿದ್ದಾರೋ ಲೆಕ್ಕ ಇಲ್ಲ.”

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ನಾಲ್ಕು ಜನರೆದುರು ಬಾಯಿಬಿಟ್ಟವರಲ್ಲ. ಅವತ್ತು ಏನಾಯಿತೋ, ದಡಕ್ಕನೆ ಎದ್ದು, “ಈ ತಿಂಗಳ ಕೊನೇ ಭಾನುವಾರ ಪೆಟ್ಟಿಗೆ ಕಟ್ತೀವಲ್ಲ, ಅವತ್ತು ಅಪ್ಪನ ಕನ್ನಡಕ ನಾನೇ ತಂದಿಡ್ತೀನಿ,” ಅಂದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಕ್ಕ ಕೂತಿದ್ದ ಅತ್ತೆಯ ಕೈ ಮಡಿಲಲ್ಲೇ ಇತ್ತು.

ಮನೆಗೆ ಬಂದು ಊಟಕ್ಕೆ ಕೂತಾಗ ಶುರುವಾಯಿತು.

“ಯಾರನ್ನ ಕೇಳಿ ಹೇಳ್ದೆ?” ಅತ್ತೆ ಮಗನ ಮುಂದೆ ತಟ್ಟೆ ಇಟ್ಟ ಸದ್ದಿಗೆ ಚಮಚ ಹಾರಿ ಬಿತ್ತು.

“ಕೇಳೋದೇನಮ್ಮ? ಅಪ್ಪಾನೇ ಹೇಳಿದ್ದಲ್ವಾ?”

“ನಿಮ್ಮಪ್ಪ ಮನೆಗೆ ಸುಣ್ಣ ಹೊಡಿಸ್ತೀನಿ ಅಂತಾನೂ ಹೇಳಿದ್ರು. ಒಂಬತ್ತು ವರ್ಷ ಆಯ್ತು. ಅದನ್ನೂ ನಡೆಸಿಕೊಡು ಮಹರಾಯ.”

“ಅದೂ ಇದೂ ಒಂದೇನಾ ಅಜ್ಜಿ?” ಅಂದಳು ನನ್ನ ಮಗಳು. ಅವಳಿಗೀಗ ಹದಿನೇಳು. ಮನೆಯಲ್ಲಿ ಯಾರು ಜಗಳವಾಡಿದರೂ ನಡುವೆ ಕೂತು ತಪ್ಪು ಯಾರದು ಅಂತ ತೀರ್ಪು ಕೊಡುತ್ತಾಳೆಂದು ಅಜ್ಜ ಅವಳಿಗೆ ಜಡ್ಜಮ್ಮ ಅಂತ ಹೆಸರಿಟ್ಟಿದ್ದರು. ಮಿಷನ್ನಿನಲ್ಲಿ ಪವರ್ ನೋಡುವುದನ್ನು ಅವಳಿಗೆ ಒಂಬತ್ತು ವರ್ಷಕ್ಕೇ ಕಲಿಸಿದ್ದರು.

“ನೀನು ಸುಮ್ನಿರೇ ಜಡ್ಜಮ್ಮ. ಆಲೂಗಡ್ಡೆ ತಿನ್ನು.”

“ಅಜ್ಜ ಎಷ್ಟೊಂದು ಮನೇಲಿ ಹೇಳಿದ್ದಾರೆ. ಈಗ ನಾವೇ ಕೊಡ್ದಿದ್ರೆ ಅಜ್ಜ ಸುಳ್ಳು ಹೇಳಿದ ಹಾಗಾಗಲ್ವಾ?”

“ಅವರು ಸುಳ್ಳು ಹೇಳ್ಲಿಲ್ಲ, ನನ್ನ ಕೇಳ್ದೆ ಹೇಳಿದ್ರು. ಮನೇಲಿ ಒಬ್ಳು ಹೆಂಡ್ತಿ ಇದ್ದಾಳೆ ಅಂತ ಜ್ಞಾಪಕ ಇತ್ತಾ ಕೇಳು.”

“ಅಮ್ಮ, ನಾನು ನಾಲ್ಕು ಜನರ ಮುಂದೆ ಎದ್ದು ನಿಂತು ಹೇಳಿ ಬಂದಿದ್ದೀನಿ.”

“ಇನ್ನೊಂದ್ಸಲ ಎದ್ದು ನಿಂತು ಇಲ್ಲ ಅಂತ ಹೇಳು. ಕಾಲು ಗಟ್ಟಿಯಾಗಿದೆಯಲ್ಲ.”

ಮಾರನೇ ದಿನ ನೋಡಿದರೆ ರೇಡಿಯೋ ಮೇಲಿದ್ದ ಮಾವನ ಕನ್ನಡಕ ಇರಲಿಲ್ಲ.

ಆ ವಾರವೆಲ್ಲ ನನ್ನ ಗಂಡ ಮಾತಿಲ್ಲದೆ ಹುಡುಕಿದರು. ಹಲ್ಲಿನ ಪುಡಿ ಹುಡುಕುವವರ ಹಾಗೆ ಬಚ್ಚಲ ಗೂಡು, ದಾರ ಹುಡುಕುವವರ ಹಾಗೆ ಹೊಲಿಗೆ ಡಬ್ಬ. ಅತ್ತೆ ಅದನ್ನು ನೋಡಿಕೊಂಡೇ ಕಾಳು ಬಿಡಿಸುತ್ತ ಕೂತಿರುತ್ತಿದ್ದರು. “ಏನಪ್ಪಾ, ಏನಾದ್ರೂ ಕಳ್ಕೊಂಡ್ಯಾ?” ಅಂತ ಒಂದು ಸಲ ಕೇಳಿಯೂ ಕೇಳಿದರು. ಪೆಟ್ಟಿಗೆಗೆ ಇನ್ನೂ ಅರವತ್ತು ಕನ್ನಡಕ ತೊಳೆದು ಚೀಟಿ ಹಚ್ಚುವುದು ಬಾಕಿಯಿತ್ತು. ಅದನ್ನು ಮಗಳು ಕಾಲೇಜಿನಿಂದ ಬಂದು ಒಬ್ಬಳೇ ಮಾಡತೊಡಗಿದಳು. ನೀರು ಬಿಸಿ ಮಾಡಿ ಕೊಡು ಅಂತ ನನ್ನನ್ನು ಕೇಳಿದಳೇ ಹೊರತು ಅಜ್ಜಿಯನ್ನು ಕೇಳಲಿಲ್ಲ.

ನನಗೆ ಸಿಕ್ಕಿದ್ದು ಹುಡುಕದೆ. ಲಾಂಡ್ರಿಯಲ್ಲಿ ನಮಗೆ ಒಂದು ರೂಢಿ ಇದೆ: ಯಾವ ಬಟ್ಟೆಯನ್ನೂ ಮೊದಲು ಕೈಯಾಡಿಸದೆ ನೀರಿಗೆ ಹಾಕುವುದಿಲ್ಲ. ರೋಗಿಗಳ ಹಾಸಿಗೆ ಬಟ್ಟೆಯಲ್ಲಿ ಉಂಗುರ, ಹಲ್ಲಿನ ಸೆಟ್ಟು, ಒಮ್ಮೆ ಬೇಯಿಸಿದ ಮೊಟ್ಟೆ, ಏನೇನೋ ಬಂದಿದೆ. ಭಾನುವಾರ ಮನೆಯ ದಿಂಬಿನ ಚೀಲ ಬಿಚ್ಚುವಾಗಲೂ ಕೈ ತಾನಾಗಿ ಒಳಗೆ ಹೋಯಿತು. ಅತ್ತೆಯ ದಿಂಬಿನಲ್ಲಿ ಗಟ್ಟಿಯಾಗಿ ಏನೋ ತಗುಲಿತು.

ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

“ಸಿಕ್ತಾ?”

“ಸಿಕ್ತು ಅತ್ತೆ.”

“ಗಂಡನ್ನ ಕರಿ ಹಂಗಾದ್ರೆ.”

ನಾನು ಕರೆಯಲಿಲ್ಲ. ಅತ್ತೆ ಮಂಚದ ಮೇಲೆ ಕೂತರು.

“ನಲವತ್ತಾರು ವರ್ಷ ಹುಡುಕಿ ಹುಡುಕಿ ಕೊಟ್ಟಿದ್ದೀನಿ ಇದನ್ನ. ಹಿತ್ತಲಲ್ಲಿ, ಅಕ್ಕಿ ಡಬ್ಬದಲ್ಲಿ, ಒಂದ್ಸಲ ಪಕ್ಕದ ಮನೆ ಬೆಕ್ಕಿನ ಬುಟ್ಟಿಯಲ್ಲಿ. ಈಗ ಮೊದಲನೇ ಸಲ ಅದು ನಾನಿಟ್ಟ ಜಾಗದಲ್ಲೇ ಇರುತ್ತೆ. ಅವರ ಭಾನುವಾರ ಎಲ್ಲ ಕ್ಲಬ್ಬಿಗೆ ಹೋಯ್ತು. ಮುಂದಿನ ಕೋಣೆ ಕ್ಲಬ್ಬಿಗೆ ಹೋಯ್ತು. ನಾನು ಬೇಡ ಅಂದೆನಾ? ಒರೆಸೋ ಬಟ್ಟೆ ಕತ್ತರಿಸಿ ಕೊಟ್ಟೋಳು ಯಾರು? ಇದೊಂದು ನಂದು.”

“ಆದ್ರೆ ಅತ್ತೆ, ಅವತ್ತು ಬಡಗಿ ಮನೇಲಿ ನಾನು ಸಾಕ್ಷಿ…”

“ಗೊತ್ತಮ್ಮ. ಅದಕ್ಕೇ ಹೇಳ್ತಿದ್ದೀನಿ, ತಗೊಂಡು ಹೋಗೋದಾದ್ರೆ ನೀನೇ ತಗೊಂಡು ಹೋಗು. ಅವನ ಕೈಗೆ ಕೊಡಲ್ಲ.”

ಬಕೆಟ್ಟಿನಲ್ಲಿ ನೊರೆ ಇಳಿಯುತ್ತಿತ್ತು. ನಾನು ಒಗೆದ ಬೇರೆ ಚೀಲ ತಂದು ದಿಂಬಿಗೆ ಹಾಕಿದೆ. ಕನ್ನಡಕವನ್ನು ಇದ್ದಲ್ಲೇ ತೂರಿಸಿದೆ. ಅತ್ತೆ ಎದ್ದು ಹೋಗಿ ನನಗೊಂದು ಲೋಟ ಚಹಾ ತಂದಿಟ್ಟರು. ಸಕ್ಕರೆ ಜಾಸ್ತಿಯಾಗಿತ್ತು.

ಪೆಟ್ಟಿಗೆ ಕಟ್ಟಲು ಒಂದು ವಾರ ಉಳಿದಿತ್ತು. ಸೋಮವಾರ ಸಂಜೆ ನನ್ನ ಗಂಡ ಮುಂದಿನ ಕೋಣೆಯಿಂದ ಒಂದು ಕನ್ನಡಕ ಹಿಡಿದು ಅಡುಗೆಮನೆಗೆ ಬಂದರು. ಕಂದು ಫ್ರೇಮು, ಅಗಲ ಕಡ್ಡಿ. ದೂರದಿಂದ ಮಾವನದರ ಹಾಗೇ ಇತ್ತು.

“ಇದನ್ನೇ ಇಟ್ರಾಯ್ತು. ಅಮ್ಮನಿಗೂ ಸಮಾಧಾನ, ಕ್ಲಬ್ಬಿನವರಿಗೂ ಸಮಾಧಾನ.”

“ಎಲ್ಲಿ ಕೊಡು,” ಅಂತ ಮಗಳು ಕೈಯಿಂದ ಕಿತ್ತುಕೊಂಡು ಹೋದಳು. ಎರಡು ನಿಮಿಷದಲ್ಲಿ ವಾಪಸು ಬಂದಳು.

“ಅಪ್ಪ, ಇದು ಪ್ಲಸ್ ಎರಡೂವರೆ. ಅಜ್ಜಂದು ಮೈನಸ್ ಆರು. ಇದನ್ನ ಹಾಕ್ಕೊಂಡಿದ್ರೆ ಅಜ್ಜ ಬಾಗಿಲು ಅಂದ್ಕೊಂಡು ಗೋಡೆಗೆ ಹೋಗ್ತಿದ್ರು. ಅದೂ ಅಲ್ದೆ ಇದು ಹೆಂಗಸರ ಫ್ರೇಮು.”

“ಯಾರಿಗೆ ಗೊತ್ತಾಗುತ್ತೆ?”

“ನಂಗೆ ಗೊತ್ತಾಗುತ್ತೆ. ಚೀಟಿ ಮೇಲೆ ಪವರ್ ಬರೆಯೋಳು ನಾನು. ಏನಂತ ಬರೀಲಿ?”

“ಅಜ್ಜನ ಹೆಸರು ಉಳಿಸೋಕೆ ತಾನೇ ನಾನು ಒದ್ದಾಡ್ತಿರೋದು?”

“ಇನ್ಯಾರದೋ ಅಮ್ಮನ ಕನ್ನಡಕ ಇಟ್ಟು?”

ನನ್ನ ಗಂಡನಿಗೆ ಮಗಳ ಮೇಲೆ ರೇಗಲು ಆಗಲಿಲ್ಲ, ನನ್ನ ಕಡೆ ತಿರುಗಿದರು.

“ನಿಂಗೊತ್ತು ಅದು ಎಲ್ಲಿದೆ ಅಂತ.”

“ಗೊತ್ತು.”

“ಎಲ್ಲಿದೆ?”

“ಹೇಳಲ್ಲ ರೀ.”

“ಭೇಷ್! ಸಾಕ್ಷಿ ನಿಂತೋಳೂ ನೀನೇ, ಬಚ್ಚಿಡೋಳೂ ನೀನೇ. ಈ ಮನೇಲಿ ನಾನೊಬ್ಬ ಲಿಫ್ಟು. ಎಲ್ಲರೂ ಗುಂಡಿ ಒತ್ತೋರೇ, ನಾನು ಮೇಲೆ ಕೆಳಗೆ ಹೋಗ್ತಿರ್ಬೇಕು.”

ಮಗಳಿಗೆ ನಗು ಬಂತು. ಅದರಿಂದ ಅವರಿಗೆ ಇನ್ನಷ್ಟು ಕೋಪ ಬಂತು. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ಊಟದ ಡಬ್ಬಿಯನ್ನು ಮಗಳ ಕೈಯಲ್ಲಿ ಕೊಟ್ಟು ಕಳಿಸಿದೆ, ಖಾಲಿ ಡಬ್ಬಿ ಅವಳ ಕೈಯಲ್ಲೇ ಬಂತು. ಮಗಳೂ ಅಷ್ಟೇ, ಅಜ್ಜಿಯ ಜೊತೆ “ಹೂಂ”, “ಉಹೂಂ” ಬಿಟ್ಟು ಮಾತು ನಿಲ್ಲಿಸಿದಳು. ಅತ್ತೆ ಒಂದು ಹೊತ್ತು ಉಂಡರು, ಒಂದು ಹೊತ್ತು ಹಸಿವಿಲ್ಲ ಅಂದರು. ಆಸ್ಪತ್ರೆಯಲ್ಲಿ ಎಂಟು ಗಂಟೆ ನಿಂತು ಬಂದು, ಮನೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ಹೊತ್ತಿಗೆ ಊಟ ಬಿಸಿ ಮಾಡಿದ್ದು ನಾನು.

ಶನಿವಾರ ಮಧ್ಯಾಹ್ನ ಬಡಗಿಯ ಹೆಂಡತಿ ಬಂದಳು. ಹದಿನಾಲ್ಕು ವರ್ಷದಲ್ಲಿ ಕೋಲು ಹಿಡಿದು ನಡೆಯುವಷ್ಟಾಗಿದ್ದಳು. ಅತ್ತೆ ಅವಳನ್ನು ಕಂಡವರೇ ಗೋಡೆಗೊರಗಿ ನಿಂತರು.

“ಬಂದ್ರಾ ಕೇಳೋಕೆ? ಬನ್ನಿ, ನೀವೊಬ್ರು ಬಾಕಿ ಇದ್ರಿ.”

“ನಾನು ವಸೂಲಿಗೆ ಬಂದಿಲ್ಲ ತಾಯಿ. ನಾಳೆ ಯಜಮಾನ್ರದ್ದು ಪೆಟ್ಟಿಗೆಗೆ ಹೋಗುತ್ತೆ ಅಂತ ಕೇಳ್ದೆ, ಬಂದೆ. ಕೂತ್ಕೊಳ್ಳಲಾ? ಮಂಡಿ ಕೇಳಲ್ಲ.”

ನಾನು ಕುರ್ಚಿ ಎಳೆದು ಕೊಟ್ಟೆ. ಅವಳು ಕೂತು, ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

“ಕೊಟ್ಟ ಮೇಲೆ ಹತ್ತು ವರ್ಷ ನಾನು ಬೀದೀಲಿ ಹೋಗೋರ ಮುಖ ನೋಡ್ತಿದ್ದೆ. ಯಾರಾದ್ರೂ ಅದನ್ನ ಹಾಕ್ಕೊಂಡಿದ್ದಾರಾ ಅಂತ. ದೂರದೂರಿಗೆ ಹೋಗುತ್ತೆ ಅಂತ ಯಜಮಾನ್ರು ಹೇಳಿದ್ರು, ಆದ್ರೂ ನೋಡ್ತಿದ್ದೆ. ಬಸ್ಸಲ್ಲಿ ಒಬ್ಬ ಹೊಡೆಯೋಕೇ ಬಂದ, ಏನಮ್ಮಾ ಹಂಗೆ ದುರುಗುಟ್ಕೊಂಡು ನೋಡ್ತೀಯ ಅಂತ.”

“ವಾಪಸ್ ಕೇಳ್ಬೇಕಿತ್ತು,” ಅಂದರು ಅತ್ತೆ.

“ಎರಡು ಸಲ ಇದೇ ಬಾಗಿಲಿಗೆ ಬಂದಿದ್ದೆ. ಒಂದ್ಸಲ ಬೀಗ. ಇನ್ನೊಂದ್ಸಲ ಯಜಮಾನ್ರು ಇಲ್ಲೇ ಕೂತು ಯಾರದೋ ಕನ್ನಡಕ ತೊಳೀತಿದ್ರು, ಹಸುಗೂಸಿಗೆ ಸ್ನಾನ ಮಾಡಿಸ್ದ ಹಾಗೆ. ಬಾಯೇ ಬರ್ಲಿಲ್ಲ. ಹೋಗಿದ್ದು ಒಳ್ಳೇ ಕೈಗೇ ಹೋಯ್ತು ಅಂತ ತಿರುಗಿ ಹೋದೆ.”

“ಈಗ ನಾನೇನು ಮಾಡ್ಲಿ ಹೇಳಿ. ನಿಮಗೆ ಕೊಟ್ಟ ಮಾತದು.”

“ಕೊಡಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಕೊಟ್ಟ ಮೇಲೆ ಹೀಗಿರುತ್ತೆ ಅಂತ ನನಗೆ ಅವತ್ತು ಹೇಳೋರು ಇರ್ಲಿಲ್ಲ. ನಿಮಗೆ ಹೇಳೋಣ ಅಂತ ಬಂದೆ. ಕೊಡ್ದೆ ಇದ್ರೆ ಹೇಗಿರುತ್ತೆ ಅನ್ನೋದು ನಂಗೊತ್ತಿಲ್ಲ.”

ಚಹಾ ಬೇಡ ಅಂದಳು. ಮಗಳು ಅವಳನ್ನು ಬೀದಿಯ ತುದಿಯ ತನಕ ಬಿಟ್ಟು ಬಂದಳು. ಬಂದವಳೇ ಅಜ್ಜಿಯ ಮುಂದೆ ನಿಂತಳು.

“ಅಜ್ಜಿ, ನೀವು ಏನಾದ್ರೂ ಮಾಡಿ. ಆದ್ರೆ ಅಪ್ಪನ ಕೈಲಿ ಸುಳ್ಳು ಹೇಳಿಸ್ಬೇಡಿ.”

“ಆಯ್ತು. ಉಳಿದಿರೋದು ಎಷ್ಟಿದೆ? ತಗೊಂಬಾ, ಬಟ್ಟೆ ಸುತ್ತೋಣ.”

ಅಜ್ಜಿ ಮೊಮ್ಮಗಳು ಸಂಜೆಯ ತನಕ ಕೂತು ಸುತ್ತಿದರು. ಅತ್ತೆ ಏನು ಮಾಡುತ್ತಾರೆಂದು ನನಗೂ ಗೊತ್ತಿರಲಿಲ್ಲ.

ಭಾನುವಾರ ಕ್ಲಬ್ಬಿನ ಮೇಜಿನ ಮೇಲೆ ಪೆಟ್ಟಿಗೆ ತೆರೆದಿಟ್ಟಿದ್ದರು. ಮೂವತ್ತು ಜನ ಸೇರಿದ್ದರು. ಇನ್ನೂರ ಹದಿನಾಲ್ಕು ಕನ್ನಡಕ ಒಳಗೆ ಹೋದವು. ಹಲ್ಲಿನ ಡಾಕ್ಟರು ನನ್ನ ಗಂಡನ ಕಡೆ ನೋಡಿದರು. ಇವರು ಎದ್ದರು, ಖಾಲಿ ಕೈಯಲ್ಲಿ. ಬಾಯಿ ತೆರೆಯುವ ಮೊದಲೇ ಅತ್ತೆ ಅವರ ತೋಳು ಹಿಡಿದು ಕೂರಿಸಿ ತಾವು ಎದ್ದರು.

“ಕನ್ನಡಕ ನನ್ನ ಹತ್ರ ಇದೆ. ಕೊಡಲ್ಲ. ಮಾತು ಕೊಟ್ಟೋರು ನಮ್ಮನೆಯವರು, ತಪ್ತಿರೋಳು ನಾನು. ಬೈಯೋದಾದ್ರೆ ನನ್ನ ಬೈಯಿರಿ. ಅವರ ಹೆಸರಿಗೂ ನನ್ನ ಮಗನ ಹೆಸರಿಗೂ ಹಚ್ಬೇಡಿ.”

ಯಾರೋ ಕೆಮ್ಮಿದರು. ಡಾಕ್ಟರು, “ಇರ್ಲಿ ಬಿಡಿ ಅಮ್ಮ, ಅದು ನಿಮ್ಮ ಮನಸ್ಸಿಗೆ ಬಿಟ್ಟಿದ್ದು,” ಅಂದರು. ಆಗ ಕೆಳಗಿನ ಟೈರ್ ಅಂಗಡಿಯವನು ಎದ್ದ. ಅವನ ತಾಯಿ ಹೋಗಿ ಐದು ತಿಂಗಳಾಗಿತ್ತು.

“ಹಾಗಾದ್ರೆ ನಮ್ಮಮ್ಮಂದು ವಾಪಸ್ ಕೊಡಿ. ತಪ್ಪು ತಿಳ್ಕೋಬೇಡಿ. ಯಜಮಾನ್ರ ಮಾತಿನ ಮೇಲೆ ಕೊಟ್ಟಿದ್ದೆ ನಾನು.”

ನನ್ನ ಗಂಡ ತಲೆ ತಗ್ಗಿಸಿದರು. ಡಾಕ್ಟರು ಏನೋ ಸಮಾಧಾನ ಹೇಳಲು ಹೊರಟರು.

“ಕೊಡಿ ಅವರಿಗೆ,” ಅಂದರು ಅತ್ತೆ. “ನಂಗೊಂದು ನ್ಯಾಯ, ಅವರಿಗೊಂದಾ?”

ಮಗಳು ಪೆಟ್ಟಿಗೆಯ ಹತ್ತಿರ ಹೋಗಿ ಚೀಟಿ ನೋಡಿ ನೋಡಿ ಹುಡುಕಿದಳು. ಸಿಕ್ಕಿದ್ದನ್ನು ಎರಡೂ ಕೈಯಲ್ಲಿ ಕೊಟ್ಟಳು. ಅವನು ಬಟ್ಟೆ ಬಿಚ್ಚಿ ನೋಡಿ, ಜೇಬಿಗಿಟ್ಟುಕೊಂಡು, ಅತ್ತೆಗೆ ಕೈಮುಗಿದು ಮೆಟ್ಟಿಲಿಳಿದ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಬಂದು, ಅಣ್ಣನ ಕನ್ನಡಕ ಅಂತ ಇನ್ನೊಂದನ್ನು ಕೇಳಿ ತೆಗೆದುಕೊಂಡು ಹೋದಳು. ಉಳಿದವರು ಕೂತಲ್ಲೇ ಕೂತಿದ್ದರು. ನನ್ನ ಗಂಡ ಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆದರು.

ಮನೆಗೆ ನಡೆದು ಬರುವಾಗ ಅವರು ತಾಯಿಗೆ ಹೇಳಿದರು, “ನೋಡಿದ್ಯಾ ಅಮ್ಮ? ಎರಡು ವಾಪಸ್ ಹೋಯ್ತು. ಅಲ್ಲಿ ಹಳ್ಳೀಲಿ ಇಬ್ಬರಿಗೆ ಕಣ್ಣು ಕಾಣ್ತಿತ್ತು.”

“ಹೂಂ,” ಅಂದರು ಅತ್ತೆ. “ನನ್ನಿಂದಾನೇ ಹೋಯ್ತು.”

ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರು. ಉಪ್ಪು ಕಮ್ಮಿ ಅಂತ ನನ್ನ ಗಂಡ ನನಗೇ ನೇರವಾಗಿ ಹೇಳಿದರು.

ಸೋಮವಾರ ಬೆಳಗ್ಗೆ ಲಾರಿ ಬಂದು ಪೆಟ್ಟಿಗೆ ಒಯ್ದಿತು. ಅದರಲ್ಲಿ ಇನ್ನೂರ ಹನ್ನೆರಡು ಕನ್ನಡಕಗಳಿದ್ದವು. ಮಾವನದು ಇರಲಿಲ್ಲ. ಅವರು ಕೊಟ್ಟ ಮಾತು ನಡೆಯಲಿಲ್ಲ.